ಚಪ್ಪರಕ್ಕೂ ಒಂದು ಚೀಟಿ ಬೇಕು

ಡಂಬಳದಲ್ಲಿ ನಮ್ಮ ಅಬ್ಬಾ ಅವರದೊಂದು ಸಣ್ಣ ಚಹಾದಂಗಡಿ ಇದೆ. ಚಹಾ, ಗಿರ್ಮಿಟ್, ಮಿರ್ಚಿ. ವರ್ಷದ ಹೆಚ್ಚಿನ ದಿನಗಳಿಗೆ ಒಳಗಿನ ಮೂರು ಬೆಂಚು ಸಾಕು. ಬೇಸಿಗೆ, ರಂಜಾನ್ ಅಥವಾ ಜಾತ್ರೆ ಬಂದಾಗ ಸಾಲುವುದಿಲ್ಲ. ಆಗ ಅಂಗಡಿಯ ಮುಂದೆ ನಾಲ್ಕು ಗಳ ನಿಲ್ಲಿಸಿ, ತಾಡಪತ್ರಿ ಕಟ್ಟಿ, ಇನ್ನೂ ನಾಲ್ಕು ಬೆಂಚು ಹಾಕುತ್ತೇವೆ. ಮಣ್ಣಿನ ಗಡಿಗೆಯಲ್ಲಿ ತಣ್ಣೀರು, ಒಂದು ಮೂಲೆಯಲ್ಲಿ ಶರಬತ್ತು. ಸೀಸನ್ ಮುಗಿದ ಮೇಲೆ ಎಲ್ಲವೂ ಅಟ್ಟಕ್ಕೆ.

ಇದಕ್ಕೆ ಪರವಾನಗಿ ಯಾರದು ಎಂದು ನಾನು ಒಮ್ಮೆ ಕೇಳಿದ್ದೆ. "ಹಿರಿಯರನ್ನ ಕೇಳೀನಿ, ಹಾಕ್ಕೋ ಹೋಗಪಾ ಅಂದಾರ" ಎಂದರು ಅಬ್ಬಾ. ನಮ್ಮ ಪರವಾನಗಿ ಅಷ್ಟೇ, ಬಾಯಿಮಾತು.

ಹೋದ ವರ್ಷ ಬೇಸಿಗೆಯಲ್ಲಿ ಚಪ್ಪರ ಹಾಕಿದ ಹನ್ನೊಂದನೆಯ ದಿನ ಸಂಜೆ, ಬಸ್ಸಿನಿಂದ ಇಳಿದು ಬಂದ ಅಜ್ಜಿಯೊಬ್ಬರು ನಾವು ಕಟ್ಟಿದ ಹಗ್ಗಕ್ಕೆ ಎಡವಿ ಬಿದ್ದರು. ಮೊಣಕಾಲು ಕೆತ್ತಿ ರಕ್ತ ಬಂತು. ದೇವರ ದಯೆ, ಎಲುಬು ಮುರಿಯಲಿಲ್ಲ. ಜನ ಸೇರಿದರು. ರಸ್ತೆ ನಿಮ್ಮಪ್ಪಂದೇನು ಎಂದು ಒಬ್ಬರು ಕೇಳಿದರು. ಸಿಟ್ಟು ಬಂತು, ಆದರೆ ಉತ್ತರ ಇರಲಿಲ್ಲ. ಹಾಕ್ಕೋ ಎಂದಿದ್ದ ಹಿರಿಯರೂ ಅಲ್ಲೇ ನಿಂತಿದ್ದರು, ಮಾತಾಡಲಿಲ್ಲ. ಅವರನ್ನು ದೂರುವುದಿಲ್ಲ. ಅವರು ಕೊಟ್ಟ ಮಾತಿಗೆ ಅಳತೆ ಇರಲಿಲ್ಲ, ದಿನ ಇರಲಿಲ್ಲ, ಷರತ್ತೂ ಇರಲಿಲ್ಲ. ಏನೆಂದು ಸಮರ್ಥಿಸಬೇಕು? ಅಂದು ರಾತ್ರಿಯೇ ಅಬ್ಬಾ ಚಪ್ಪರ ಬಿಚ್ಚಿದರು. ದಾರಿಯಲ್ಲಿ ತೊಂದರೆ ಕೊಡುವುದನ್ನು ಸರಿಸುವುದೂ ಈಮಾನಿನ ಭಾಗ ಎಂದು ನಮಗೆ ಚಿಕ್ಕಂದಿನಿಂದ ಹೇಳಿದ ಅಮ್ಮಿ, ಹಗ್ಗ ಸುತ್ತುತ್ತಾ ಒಂದೂ ಮಾತಾಡಲಿಲ್ಲ.

ನಾನು ಕಾಮರ್ಸ್ ವಿದ್ಯಾರ್ಥಿ, ಲೆಕ್ಕ ಬರೆದು ನೋಡಿದೆ. ಗಳ, ತಾಡಪತ್ರಿ, ಬೆಂಚಿಗೆ ಹಾಕಿದ್ದು 6,200 ರೂಪಾಯಿ. ಹೊರಗಿನ ಬೆಂಚುಗಳಿಂದ ದಿನಕ್ಕೆ ಹೆಚ್ಚುವರಿಯಾಗಿ ಉಳಿದದ್ದು ಸುಮಾರು 450. ಹನ್ನೊಂದು ದಿನಕ್ಕೆ 4,950. ಅರವತ್ತು ದಿನ ನಡೆದಿದ್ದರೆ 27,000 ಆಗುತ್ತಿತ್ತು, ನನ್ನ ಮತ್ತು ತಂಗಿಯ ಫೀಸು ಅದರಲ್ಲೇ ಮುಗಿಯುತ್ತಿತ್ತು. ಬೆಂಚು, ತಾಡಪತ್ರಿ ಇನ್ನೂ ಇವೆ, ಆದ್ದರಿಂದ ಪೂರ್ತಿ 6,200 ಅನ್ನು ಒಂದೇ ವರ್ಷದ ಖರ್ಚಿಗೆ ಹಾಕಲು ನಮ್ಮ ಅಕೌಂಟೆನ್ಸಿ ಮೇಷ್ಟ್ರು ಒಪ್ಪುವುದಿಲ್ಲ. ಅವರು ಹೇಳುವುದು ಸರಿ. ಆದರೂ ಫೀಸಿನ ದಿನ ಸವಕಳಿಯ ಲೆಕ್ಕ ಯಾರೂ ಕೇಳುವುದಿಲ್ಲ.

ಆಮೇಲೆ ಕಾನೂನು ಹುಡುಕಿದೆ. ಬೀದಿ ಬದಿ ವ್ಯಾಪಾರಿಗಳಿಗಾಗಿ 2014ರ ಕೇಂದ್ರ ಕಾಯ್ದೆಯೊಂದು ಇದೆ, ಚೆನ್ನಾಗಿದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇಕಡಾ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ವ್ಯಾಪಾರದ ಪ್ರಮಾಣಪತ್ರ ಕೊಡಬೇಕು. ಎಬ್ಬಿಸುವ ಮುನ್ನ 30 ದಿನಗಳ ನೋಟಿಸು ಕೊಡಬೇಕು. ಓದುತ್ತಾ ಖುಷಿಯಾಯಿತು. ಆದರೆ ಅದು ನಗರ, ಪಟ್ಟಣಗಳ ಕಾಯ್ದೆ. ಗದಗ-ಬೆಟಗೇರಿಯಲ್ಲಿ ನಗರಸಭೆ ಇದೆ, ಮುಂಡರಗಿಯಲ್ಲಿ ಪುರಸಭೆ ಇದೆ, ಅಲ್ಲಿಗೆ ಸರಿ. ಡಂಬಳದಲ್ಲಿ ಇರುವುದು ಗ್ರಾಮ ಪಂಚಾಯಿತಿ. ಬಿಸಿಲು ಎರಡೂ ಕಡೆ ಒಂದೇ, ಕಾಯ್ದೆ ಮಾತ್ರ ಪಟ್ಟಣದ ಗಡಿಯಲ್ಲಿ ನಿಲ್ಲುತ್ತದೆ.

ಹಳ್ಳಿಯಲ್ಲಿ ಏನು ದಾರಿ? ಅಂಗಡಿಯ ಪರವಾನಗಿ ಪಂಚಾಯಿತಿಯದು. ತಿಂಡಿ ಮಾರಲು ಆಹಾರ ಸುರಕ್ಷತಾ ನೋಂದಣಿ ಬೇಕು, ನಮ್ಮಂಥ ಸಣ್ಣವರಿಗೆ ವರ್ಷಕ್ಕೆ 100 ರೂಪಾಯಿ. ಹೊರಗೆ ದೀಪ ಬೇಕೆಂದರೆ ಹೆಸ್ಕಾಂ. ಮುಂದಿನ ರಸ್ತೆ ಲೋಕೋಪಯೋಗಿ ಇಲಾಖೆಯದಾಗಿದ್ದರೆ ಅದರ ಅಂಚಿನಲ್ಲಿ ಗಳ ನೆಡಲು ಅವರ ಒಪ್ಪಿಗೆಯೂ ಬೇಕು, ಪಂಚಾಯಿತಿ ಹೂಂ ಎಂದರೆ ಸಾಲದು. ಈ ಕೊನೆಯ ವಿಷಯ ಬಹಳ ಅಂಗಡಿಯವರಿಗೆ ಗೊತ್ತಿಲ್ಲ. ನಮಗೂ ಗೊತ್ತಿರಲಿಲ್ಲ. ನಾಲ್ಕು ಬೆಂಚಿಗೆ ನಾಲ್ಕು ಬಾಗಿಲು ಎಂದು ಅಬ್ಬಾ ನಕ್ಕರು.

ನನ್ನ ಅಭಿಪ್ರಾಯ ಇಷ್ಟು: ಸೀಸನ್ ವ್ಯಾಪಾರಕ್ಕೆ ಸೀಸನ್ ಪರವಾನಗಿ ಕೊಡಬೇಕು. ಒಂದು ಅರ್ಜಿ, ಒಂದು ಶುಲ್ಕ, ಒಂದು ಹಾಳೆ. ಹಾಳೆಯಲ್ಲಿ ಚಪ್ಪರದ ಉದ್ದ ಅಗಲ, ನಡೆಯುವವರಿಗೆ ಬಿಡಬೇಕಾದ ಜಾಗ, ಶುರುವಾಗುವ ದಿನ, ಬಿಚ್ಚುವ ದಿನ. ಇದು ಹೊಸ ಕಲ್ಪನೆಯೇನಲ್ಲ. ನಮ್ಮ ಕಡೆ ಸಂತೆ, ಜಾತ್ರೆಗಳಲ್ಲಿ ಜಾಗಕ್ಕೆ ಹಣ ಕೊಟ್ಟು ಚೀಟಿ ಪಡೆಯುವುದು ಎಲ್ಲರಿಗೂ ಗೊತ್ತು. ಮಾರುಕಟ್ಟೆಗೆ, ಜಾತ್ರೆಗೆ ಶುಲ್ಕ ಹಾಕುವ ಅಧಿಕಾರವನ್ನು ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆಯೇ ಕೊಟ್ಟಿದೆ. ತೋಂಟದಾರ್ಯ ಮಠದ ರೊಟ್ಟಿ ಜಾತ್ರೆಗೆ ಎಲ್ಲ ಜಾತಿ ಧರ್ಮದವರೂ ಸೇರುವ ಊರು ನಮ್ಮದು. ಅಷ್ಟು ಜನರಿಗೆ ಜಾಗ ಮಾಡಿಕೊಡಬಲ್ಲ ಊರಿಗೆ ನಾಲ್ಕು ಬೆಂಚಿನ ಜಾಗ ಗುರುತಿಸುವುದು ಕಷ್ಟವಲ್ಲ.

ಪರವಾನಗಿ ಎಂದರೆ ಕಿರುಕುಳ, ಬಾಯಿಮಾತೇ ಮೇಲು ಎಂದು ನನ್ನ ಗೆಳೆಯನೊಬ್ಬ ವಾದ ಮಾಡಿದ. ಅವನ ಮಾತಲ್ಲಿ ಸತ್ಯವಿದೆ. ನ್ಯೂಯಾರ್ಕಿನಲ್ಲಿ ಕೊರೊನಾ ಸಮಯದಲ್ಲಿ, 2020ರ ಜೂನ್‌ನಲ್ಲಿ, ಹೋಟೆಲಿನವರಿಗೆ ರಸ್ತೆಯಲ್ಲೇ ಮೇಜು ಹಾಕಲು ಸುಲಭವಾಗಿ ಬಿಟ್ಟರು. ಊರಿಗೆ ಊರೇ ಹೊರಗೆ ಕೂತು ಉಂಡಿತು. 2023ರಲ್ಲಿ ಕಾನೂನು ಮಾಡಿ, ರಸ್ತೆಯ ಮೇಲಿನ ಮೇಜು ಏಪ್ರಿಲ್ 1ರಿಂದ ನವೆಂಬರ್ 29ರವರೆಗೆ ಮಾತ್ರ ಎಂದರು. ಶುಲ್ಕ, ನಕ್ಷೆ, ವರ್ಷಾ ವರ್ಷಾ ಕಟ್ಟಿ ಬಿಚ್ಚುವ ಖರ್ಚು ಸೇರಿ ಎಷ್ಟೋ ಸಣ್ಣ ಹೋಟೆಲಿನವರು ಕೈಬಿಟ್ಟರು. ಕಾಗದ ಭಾರವಾದರೆ ಬಡವನೇ ಮೊದಲು ಬೀಳುತ್ತಾನೆ. ಆದರೆ ಕಾಗದವೇ ಇಲ್ಲದಿದ್ದರೆ? ಬೆಂಗಳೂರಿನ ಫ್ರೇಜರ್ ಟೌನ್‌ನಲ್ಲಿ ರಂಜಾನ್ ತಿಂಡಿ ಮಳಿಗೆಗಳಿಗೆ 2023ರಲ್ಲಿ ನಿವಾಸಿಗಳ ವಿರೋಧ ಬಂತು. ಗದ್ದಲ, ಕಸ, ವಾಹನಗಳ ಕಾಟ ಎಂಬ ದೂರು. ಅಲ್ಲಿ ವಾಸಿಸುವವರ ಕಷ್ಟ ಸುಳ್ಳಲ್ಲ, ನಮ್ಮ ಅಜ್ಜಿಯ ಮೊಣಕಾಲಿನಷ್ಟೇ ನಿಜ. ಇಷ್ಟು ಮಳಿಗೆ, ಇಷ್ಟು ಗಂಟೆ, ಕಸ ಇವರದು ಎಂದು ಮೊದಲೇ ಬರೆದಿಟ್ಟರೆ ಪೂರ್ತಿ ಬೇಕು, ಪೂರ್ತಿ ಬೇಡ ಎಂಬ ಜಗಳ ಕಡಿಮೆಯಾದೀತು.

ಇನ್ನೊಂದು ಮಾತು. ನ್ಯೂಯಾರ್ಕಿನಂತೆ ತಿಂಗಳು ಗೊತ್ತು ಮಾಡಿದರೆ ನಮಗೆ ಆಗುವುದಿಲ್ಲ. ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2025ರಲ್ಲಿ ಮಾರ್ಚ್ ಆರಂಭ, 2026ರಲ್ಲಿ ಫೆಬ್ರುವರಿ ಮೂರನೇ ವಾರ. 2030ರಲ್ಲಿ ಜನವರಿಯಲ್ಲಿ ಒಂದು ರಂಜಾನ್ ಬಂದು, ಡಿಸೆಂಬರ್ ಕೊನೆಗೆ ಇನ್ನೊಂದು ಶುರುವಾಗುತ್ತದೆ! ಜಾತ್ರೆಗಳೂ ಚಂದ್ರನನ್ನೇ ನೋಡುತ್ತವೆ. ಆದ್ದರಿಂದ ಪರವಾನಗಿಯನ್ನು ತಿಂಗಳ ಲೆಕ್ಕದಲ್ಲಿ ಅಲ್ಲ, ದಿನದ ಲೆಕ್ಕದಲ್ಲಿ ಕೊಡಲಿ. ವರ್ಷಕ್ಕೆ 90 ದಿನ ಎನ್ನಿ. ಯಾವ 90 ಎಂದು ಅಂಗಡಿಯವನು ಮೊದಲೇ ಬರೆದುಕೊಡಲಿ. ಕಬ್ಬಿನ ಹಾಲಿನವರು ಬೇಸಿಗೆ ಬರೆಯುತ್ತಾರೆ, ಪಟಾಕಿಯ ಪಕ್ಕ ಹಣತೆ ಮಾರುವವರು ದೀಪಾವಳಿ ಬರೆಯುತ್ತಾರೆ.

ಇದನ್ನು ಗ್ರಾಮಸಭೆಯಲ್ಲಿ ಕೇಳಬಹುದು. ಅಲ್ಲಿ ಮಾತಾಡುವ ಹಕ್ಕು ಮತದಾರರದು, ನನಗೆ ಇನ್ನೂ ಹದಿನೇಳು. ಹಾಗಾಗಿ ಅಬ್ಬಾ ಮಾತಾಡಬೇಕು. ಅವರು ಗಿರಾಕಿಗಳ ಜೊತೆ ದಿನವಿಡೀ ಕನ್ನಡ ಮಾತಾಡುತ್ತಾರೆ, ಆದರೆ ಓದಿದ್ದು ಉರ್ದು ಶಾಲೆಯಲ್ಲಿ ನಾಲ್ಕನೆಯವರೆಗೆ. ಮೈಕಿನ ಮುಂದೆ ನಿಂತು ಹೇಳು ಎಂದರೆ ಹಿಂಜರಿಯುತ್ತಾರೆ. ಅಂಗಡಿ ಇರುವ ಮನೆಗಳ ಗೆಳೆಯರೇ, ನಿಮ್ಮ ಮನೆಯಲ್ಲೂ ಹೀಗೇ ಇರಬಹುದು. ನಾವು ಕಲಿತ ಅರ್ಜಿ ಬರವಣಿಗೆ ಪರೀಕ್ಷೆಯ ಐದು ಅಂಕಕ್ಕೆ ಮಾತ್ರವೇ?

ನಾನು ಅಬ್ಬಾ ಅವರ ಹೆಸರಿನಲ್ಲಿ ಅರ್ಜಿ ಬರೆದಿದ್ದೇನೆ. ಹನ್ನೆರಡು ಅಡಿ ಉದ್ದ, ಎಂಟು ಅಡಿ ಅಗಲ, ದಾರಿಗೆ ಐದು ಅಡಿ ಖಾಲಿ, ಹಗ್ಗದ ಬದಲು ಕಬ್ಬಿಣದ ಕಾಲು. ಹೋದ ವರ್ಷ ಅಜ್ಜಿ ಬಿದ್ದದ್ದನ್ನೂ ಬರೆದೆ. ಅದನ್ನು ತೆಗೆ, ಬೇಡ ಎಂದರೆ ಪರವಾನಗಿಯೇ ಸಿಗಲಿಕ್ಕಿಲ್ಲ ಎಂದರು ಅಬ್ಬಾ. ಎರಡು ದಿನ ಇದೇ ವಾದ ನಡೆಯಿತು. ನಿನ್ನೆ ಆ ಸಾಲನ್ನು ಹಾಗೇ ಬಿಟ್ಟು ಉರ್ದುವಿನಲ್ಲಿ ಸಹಿ ಹಾಕಿದ್ದಾರೆ.