ಲ್ಯಾಬಿನ ಬಾಗಿಲು ನಮಗೂ ತೆರೆಯಲಿ

ಲೆಕ್ಕಶಾಸ್ತ್ರದಲ್ಲಿ ನಾವು ಮೊದಲು ಜರ್ನಲ್ ಬರೆಯುತ್ತೇವೆ. ಅಲ್ಲಿಂದ ಲೆಡ್ಜರ್, ಆಮೇಲೆ ಟ್ರಯಲ್ ಬ್ಯಾಲೆನ್ಸ್. ಸ್ಕೇಲಿಟ್ಟು ಗೆರೆ ಎಳೆದು ಒಂದೊಂದು ಮೊತ್ತವನ್ನೂ ಪುಟದಿಂದ ಪುಟಕ್ಕೆ ಸಾಗಿಸುತ್ತೇವೆ. ಆಡಿಟರ್ ಕಚೇರಿಗಳಲ್ಲಿ ಈ ಸಾಗಿಸುವ ಕೆಲಸ ಈಗ ಕಂಪ್ಯೂಟರಿನದು. ಟ್ಯಾಲಿಯಲ್ಲಿ ಒಂದು ವೋಚರ್ ನಮೂದಿಸಿದರೆ ಲೆಡ್ಜರ್‌ನಿಂದ ಬ್ಯಾಲೆನ್ಸ್ ಶೀಟ್‌ವರೆಗೆ ಎಲ್ಲವೂ ತಾನಾಗಿ ಸಿದ್ಧವಾಗುತ್ತದೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಅದರ ರಿಟರ್ನ್ ಸಲ್ಲಿಕೆಯೂ ಆನ್‌ಲೈನ್‌ನಲ್ಲೇ.

ಹಾಗಾದರೆ ಕೈಯಲ್ಲಿ ಲೆಕ್ಕ ಬರೆಯುವುದು ವ್ಯರ್ಥವೇ? ಖಂಡಿತ ಅಲ್ಲ. ಅಂಗಡಿಗೆಂದು 20,000 ರೂಪಾಯಿಯ ಕಪಾಟು ಕೊಂಡು, ಅದನ್ನು ಪೀಠೋಪಕರಣ ಖಾತೆಯ ಬದಲು ಖರೀದಿ ಖಾತೆಗೆ ಡೆಬಿಟ್ ಮಾಡಿದರೂ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗುತ್ತದೆ. ಲಾಭ ಮಾತ್ರ ಕಡಿಮೆ ಕಾಣುತ್ತದೆ. ಆ ತಪ್ಪನ್ನು ಹಿಡಿಯಬೇಕಾದವರು ಲೆಕ್ಕ ಬಲ್ಲವರೇ. ಮುಂದೆ ನಮಗೆ ಸಂಬಳ ಸಿಗುವುದು ಹೀಗೆ ಪರಿಶೀಲಿಸುವ ಕೆಲಸಕ್ಕೆ. ಅದನ್ನು ಕಲಿಯಲು ನೋಟ್‌ಬುಕ್ಕೂ ಬೇಕು, ಕಂಪ್ಯೂಟರೂ ಬೇಕು.

ನಮ್ಮ ಕಾಲೇಜಿನಲ್ಲಿ ಲ್ಯಾಬ್ ಇದೆ. ಆದರೆ ಅದು ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವರಿಗೆ ಮಾತ್ರ. ಎಚ್‌ಇಬಿಎ, ಎಸ್‌ಇಬಿಎ ವಿದ್ಯಾರ್ಥಿಗಳಿಗೆ ಒಂದು ಪೀರಿಯಡ್ ಕೂಡ ಇಲ್ಲ. ಅನುಕೂಲ ಇದ್ದವರು ಫೀಸು ಕಟ್ಟಿ ಸಂಜೆ ಟ್ಯಾಲಿ ಕ್ಲಾಸಿಗೆ ಹೋಗುತ್ತಾರೆ. ಸಂಜೆ ಅಂಗಡಿಯಲ್ಲಿ ದುಡಿಯುವ ಹುಡುಗರಿಗೆ, ಕಾಲೇಜು ಬಿಟ್ಟ ಕೂಡಲೇ ಬಸ್ಸು ಹಿಡಿಯಬೇಕಾದ ಹುಡುಗಿಯರಿಗೆ ಆ ದಾರಿ ಇಲ್ಲ. ಪಿಯುಸಿ ಮುಗಿಸಿ ನೇರ ಕೆಲಸ ಹುಡುಕಬೇಕಾದವರು ಇವರಲ್ಲೇ ಹೆಚ್ಚು. ಯಾರಿಗೆ ಬೇಗ ಬೇಕೋ ಅವರಿಗೇ ಸಿಗುತ್ತಿಲ್ಲ.

ನನ್ನ ಸಲಹೆ ಚಿಕ್ಕದು. ವಾರಕ್ಕೆ ಒಂದು ಪೀರಿಯಡ್ ನಮಗೂ ಲ್ಯಾಬ್ ಕೊಡಿ. ತರಗತಿಯಲ್ಲಿ ನೋಟ್‌ಬುಕ್‌ನಲ್ಲಿ ಬಿಡಿಸಿದ ಲೆಕ್ಕವನ್ನೇ ಅಲ್ಲಿ ಕಂಪ್ಯೂಟರಿನಲ್ಲಿ ಮಾಡಿ, ಎರಡು ಉತ್ತರಗಳನ್ನು ಹೋಲಿಸೋಣ. ಸಿಲೆಬಸ್ ಹಿಂದೆ ಬೀಳುವುದಿಲ್ಲ, ಪುನರಾವರ್ತನೆಯೇ ಆಗುತ್ತದೆ. ಖರ್ಚೂ ದೊಡ್ಡದಲ್ಲ. ಟ್ಯಾಲಿಪ್ರೈಮ್‌ನ ಎಜುಕೇಶನಲ್ ಮೋಡ್ ಉಚಿತ. ಅದರಲ್ಲಿ ತಿಂಗಳ ಕೆಲವೇ ದಿನಾಂಕಗಳಿಗೆ ವೋಚರ್ ಹಾಕಬಹುದಾದರೂ ಅಭ್ಯಾಸಕ್ಕೆ ಅಷ್ಟು ಸಾಕು. ಎಕ್ಸೆಲ್‌ನಂತೆಯೇ ಕೆಲಸ ಮಾಡುವ ಲಿಬ್ರೆಆಫೀಸ್ ಕ್ಯಾಲ್ಕ್ ಕೂಡ ಉಚಿತ. ಉಪನ್ಯಾಸಕರಿಗೆ ಹೊರೆ ಎನಿಸಿದರೆ ಸಿಇಬಿಎ ಗೆಳೆಯರು ಹೇಳಿಕೊಡಲಿ. ಆಂತರಿಕ ಮೌಲ್ಯಮಾಪನದ ಪ್ರಾಜೆಕ್ಟಿಗೆ ಒಂದು ಕಿರಾಣಿ ಅಂಗಡಿಯ ತಿಂಗಳ ಲೆಕ್ಕವನ್ನೇ ವಿಷಯವಾಗಿ ಕೊಡಲಿ.

ಪ್ರಾಂಶುಪಾಲರು ಮತ್ತು ವಾಣಿಜ್ಯ ವಿಭಾಗದ ಉಪನ್ಯಾಸಕರು ಮುಂದಿನ ವೇಳಾಪಟ್ಟಿ ಸಿದ್ಧಪಡಿಸುವಾಗ ಇದನ್ನು ಪರಿಗಣಿಸಬೇಕೆಂದು ವಿನಂತಿ. ಗೆಳೆಯರೇ, ಪೀರಿಯಡ್ ಸಿಕ್ಕರೆ ಅದನ್ನು ರೀಲ್ಸ್ ನೋಡಲು ಕಳೆಯದಿರುವ ಜವಾಬ್ದಾರಿ ನಮ್ಮದು.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ