ಹೆಚ್ಚಿಟ್ಟ ಹಣ್ಣಿಗೆ ಹೆಪ್ಪಿನ ಕಾವಲು

ಮಧ್ಯಾಹ್ನ ಆಫೀಸಿಗೆ ಆ್ಯಪ್‌ನಿಂದ ಬರುವ ಆ ಪ್ಲಾಸ್ಟಿಕ್ ಡಬ್ಬಿ ನಿಮಗೂ ಗೊತ್ತು. ನಾಲ್ಕು ತುಂಡು ಕಲ್ಲಂಗಡಿ, ನಾಲ್ಕು ಪಪ್ಪಾಯಿ, ಎರಡು ಕರಬೂಜ. ಪಿಜ್ಜಾ ಬಿಟ್ಟು ಹಣ್ಣು ತಿಂದ್ವಿ ಅನ್ನೋ ಸಮಾಧಾನ. ಆದರೆ ಅದನ್ನು ಹೆಚ್ಚಿದ್ದು ಎಷ್ಟು ಗಂಟೆಗೆ? ನಮ್ಮ ಟೇಬಲ್ಲಿಗೆ ಬರುವವರೆಗೆ ತಂಪಿನಲ್ಲಿತ್ತಾ? ಡಬ್ಬಿ ಅದನ್ನೆಲ್ಲ ಹೇಳುವುದಿಲ್ಲ.

ಹೋದ ವಾರ ಶಿರಗುಪ್ಪಿಯಿಂದ ಅಕ್ಕ ಫೋನ್ ಮಾಡಿದ್ದಳು. ಐದು ತಿಂಗಳ ಬಸುರಿ. ತಪಾಸಣೆಗೆ ಮಿರಜಕ್ಕೆ ಹೋಗಿ ಬರುತ್ತಾಳೆ. "ತಮ್ಮಾ, ಸ್ಟ್ಯಾಂಡಿನ್ಯಾಗ ಹೆಚ್ಚಿಟ್ಟ ಕಲ್ಲಂಗಡಿ ನೋಡಿದ್ರ ಬಾಯಾಗ ನೀರ ಬರತಾವ. ತಿನ್ಲೇನ?" ಬೇಡ ಅಂದೆ. "ಯಾಕ? ಹಣ್ಣ ತಿನ್ನು ಅಂತ ಡಾಕ್ಟರೇ ಹೇಳ್ಯಾರಲ್ಲ!" ಆ 'ಯಾಕ'ಕ್ಕೆ ಉತ್ತರವೇ ಈ ವಾರದ ಅಂಕಣ.

ಸಿಪ್ಪೆ ಇರುವವರೆಗೆ ಹಣ್ಣು ಕೋಟೆಯೊಳಗೆ ಇದ್ದಂತೆ. ಚಾಕು ಇಳಿದ ಕೂಡಲೇ ಕೋಟೆ ಒಡೆಯುತ್ತದೆ. ಸಿಪ್ಪೆಯ ಮೇಲಿನ ಮಣ್ಣು, ಸೂಕ್ಷ್ಮಾಣು ಚಾಕುವಿನ ಜೊತೆಗೇ ಒಳಗೆ ಬರುತ್ತವೆ. ಒಳಗೆ ಸಕ್ಕರೆ, ನೀರು ಎರಡೂ ಸಿದ್ಧ. ದ್ರಾಕ್ಷಿ, ಅನಾನಸಿನಲ್ಲಾದರೆ ಹುಳಿ ಇದೆ, ಅದೇ ಸ್ವಲ್ಪ ತಡೆಯುತ್ತದೆ. ಕಲ್ಲಂಗಡಿ, ಕರಬೂಜ, ಪಪ್ಪಾಯಿಯಲ್ಲಿ ಆ ಹುಳಿಯೂ ಕಡಿಮೆ. ನಮ್ಮ ಕಾಗವಾಡ, ಅಥಣಿ ಕಡೆ ದ್ರಾಕ್ಷಿಯನ್ನು ಶೆಡ್ಡಿನಲ್ಲಿ ಒಣಗಿಸಿ ತಿಂಗಳುಗಟ್ಟಲೆ ಇಡುತ್ತಾರೆ. ನೀರು ತೆಗೆದರೆ ಸೂಕ್ಷ್ಮಾಣು ಬೆಳೆಯುವುದಿಲ್ಲ ಎಂಬುದೇ ಅಲ್ಲಿನ ಗುಟ್ಟು. ಆದರೆ ನೂರಕ್ಕೆ 90ಕ್ಕೂ ಹೆಚ್ಚು ಪಾಲು ನೀರೇ ಇರುವ ಕಲ್ಲಂಗಡಿಯನ್ನು ಒಣಗಿಸಿದರೆ ತಿನ್ನುವುದೇನು?

ಫ್ರಿಜ್ಜಿನಲ್ಲಿಟ್ಟರೆ ಆಯ್ತಲ್ಲ ಅನ್ನಬಹುದು. ಸಾಲ್ಮೊನೆಲ್ಲಾದಂಥವು ತಂಪಿನಲ್ಲಿ ಸುಮ್ಮನಿರುತ್ತವೆ, ನಿಜ. ಲಿಸ್ಟೀರಿಯಾ ಹಾಗಲ್ಲ. 4 ಡಿಗ್ರಿಯಲ್ಲೂ ನಿಧಾನಕ್ಕೆ ಬೆಳೆಯುತ್ತದೆ. ಬಸುರಿಗೆ ಅದು ಬರೀ ಸಣ್ಣ ಜ್ವರದಂತೆ ಬಂದು ಹೋಗಬಹುದು, ಆದರೆ ಹೊಟ್ಟೆಯಲ್ಲಿರುವ ಕೂಸಿನ ಜೀವಕ್ಕೇ ಕುತ್ತು ತರಬಹುದು. 2011ರಲ್ಲಿ ಅಮೆರಿಕದಲ್ಲಿ ಕರಬೂಜದಿಂದ ಲಿಸ್ಟೀರಿಯಾ ಹರಡಿ 147 ಜನ ಕಾಯಿಲೆ ಬಿದ್ದರು, 33 ಜನ ಸತ್ತರು. ತನಿಖೆ ಮಾಡಿದಾಗ ಕಂಡದ್ದು ಪ್ಯಾಕಿಂಗ್ ಶೆಡ್ಡಿನ ನೆಲದಲ್ಲಿ ನಿಂತ ನೀರು ಮತ್ತು ಸರಿಯಾಗಿ ತೊಳೆಯಲು ಬಾರದ ಯಂತ್ರ.

ಇಲ್ಲಿಗೆ ಒಳ್ಳೆಯ ಬ್ಯಾಕ್ಟೀರಿಯಾ ಬರುತ್ತವೆ. ಹೊಸದೇನಲ್ಲ, ನಮ್ಮವ್ವ ದಿನಾ ರಾತ್ರಿ ಹಾಲಿಗೆ ಹಾಕುವ ಹೆಪ್ಪು ಅದೇ ಜಾತಿ. ಬೇಸಿಗೆಯಲ್ಲಿ ಹಾಗೇ ಬಿಟ್ಟ ಹಾಲು ಕೆಡುತ್ತದೆ, ಹೆಪ್ಪು ಬಿದ್ದ ಹಾಲು ಮೊಸರಾಗಿ ಉಳಿಯುತ್ತದೆ. ಹೇಗೆ? ಮೊದಲನೆಯದು, ಜಾಗ. ತುಂಬಿದ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ ಇವು ಮೊದಲೇ ಕೂತು, ಇದ್ದ ಆಹಾರ ತಿಂದು ಮುಗಿಸುತ್ತವೆ. ಎರಡನೆಯದು, ಲ್ಯಾಕ್ಟಿಕ್ ಆಮ್ಲದ ಹುಳಿ. ಮೂರನೆಯದು, ಕೆಲವು ತಳಿಗಳು ಬ್ಯಾಕ್ಟೀರಿಯೊಸಿನ್ ಎಂಬ ಸಣ್ಣ ಪ್ರೋಟೀನ್ ಬಿಡುತ್ತವೆ. ಅವುಗಳಲ್ಲಿ ಹೆಸರುವಾಸಿಯಾದದ್ದು ನಿಸಿನ್. ಅದು ಲಿಸ್ಟೀರಿಯಾದಂಥ ಸೂಕ್ಷ್ಮಾಣುವಿನ ಪೊರೆಗೆ ತೂತು ಕೊರೆಯುತ್ತದೆ. 1969ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ ಅದನ್ನು ಒಪ್ಪಿತ್ತು. ಪ್ಯಾಕೆಟ್ಟಿನ ಮೇಲೆ ಐಎನ್‌ಎಸ್ 234 ಅಂತ ಕಂಡರೆ ಅದು ನಿಸಿನ್ನೇ.

ಇದನ್ನೇ ಹೆಚ್ಚಿದ ಹಣ್ಣಿನ ಮೇಲೂ ನೋಡಿದ್ದಾರೆ. ಸ್ಪೇನಿನ ಸಂಶೋಧಕರು ಸೇಬಿನ ತುಂಡುಗಳಿಗೆ ಪ್ರೊಬಯಾಟಿಕ್ ಎಂದೇ ಹೆಸರಾದ ಲ್ಯಾಕ್ಟೊಬ್ಯಾಸಿಲಸ್ ರಾಮ್ನೋಸಸ್ ಜಿಜಿ ಎಂಬ ತಳಿ ಹಾಕಿದರು. ಲಿಸ್ಟೀರಿಯಾ ಸುಮಾರು ಹತ್ತು ಪಟ್ಟು ಕಡಿಮೆಯಾಯಿತು. ಸಾಲ್ಮೊನೆಲ್ಲಾ ಮಾತ್ರ ಜಗ್ಗಲಿಲ್ಲ. ಸೇಬಿನ ಮೇಲೆಯೇ ಸಿಕ್ಕ ಸೂಡೊಮೊನಾಸ್ ಗ್ರಾಮಿನಿಸ್ ಎಂಬ ಇನ್ನೊಂದನ್ನು ಕರಬೂಜದ ಮೇಲೂ ಪರೀಕ್ಷಿಸಿದ್ದಾರೆ. ಅದು ಎರಡರ ಬೆಳವಣಿಗೆಯನ್ನೂ ತಡೆದಿದೆ. ನಮ್ಮಲ್ಲೇ, 1950ರಲ್ಲಿ ಶುರುವಾದ ಮೈಸೂರಿನ ಸಿಎಫ್‌ಟಿಆರ್‌ಐ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಮತ್ತು ಬ್ಯಾಕ್ಟೀರಿಯೊಸಿನ್ ಮೇಲೆ ಕೆಲಸ ಮಾಡಿದೆ.

ಹಾಗಂತ ಇದು ಮಂತ್ರದಂಡವಲ್ಲ. ಹತ್ತು ಪಟ್ಟು ಕಡಿಮೆ ಅಂದರೆ ಸಾವಿರ ಇದ್ದದ್ದು ನೂರಾಯಿತು ಅಂತ, ಸೊನ್ನೆ ಆಯಿತು ಅಂತಲ್ಲ. ಸಾಲ್ಮೊನೆಲ್ಲಾ, ಇ-ಕೋಲೈಗೆ ಹೊರಗೆ ಇನ್ನೊಂದು ಪೊರೆ ಇರುತ್ತದೆ, ನಿಸಿನ್ ಒಂದೇ ಅದನ್ನು ದಾಟುವುದು ಕಷ್ಟ. ಬ್ಯಾಕ್ಟೀರಿಯಾ ಜಾಸ್ತಿಯಾದರೆ ಹಣ್ಣು ಹುಳಿಯಾಗುತ್ತದೆ. ಹಾಗಾದರೆ ಮನೆಯಲ್ಲೇ ಹಣ್ಣಿಗೆ ಮೊಸರು ಸವರಿ ಡಬ್ಬಿಗೆ ಹಾಕಿಕೊಂಡು ಹೋಗೋಣ ಅನ್ನಬೇಡಿ. ಯಾವ ತಳಿ, ಎಷ್ಟು, ಯಾವ ಹಣ್ಣಿಗೆ ಅನ್ನೋದು ಅಳತೆಯ ಕೆಲಸ. ಹಣ್ಣಿಗೆ ಮೊಸರು ಕಲಸಿ ಆಗಲೇ ತಿನ್ನಿ, ಅದು ಬೇರೆ.

ಅಕ್ಕನಿಗೆ ಹೇಳಿದ್ದು ಇಷ್ಟೇ: ಇಡೀ ಹಣ್ಣು ತಗೋ. ಹರಿಯೋ ನೀರಿನಾಗ ಸಿಪ್ಪೆ ತಿಕ್ಕಿ ತೊಳಿ, ಒರಸು. ಚಾಕು, ಮಣೆ ತೊಳೆದು ಹೆಚ್ಚಿ, ಆಗಲೇ ತಿಂದುಬಿಡು. ಉಳಿದವರೂ ಹೆಚ್ಚಿದ ಹಣ್ಣನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. 32 ಡಿಗ್ರಿ ದಾಟಿದ ಬಿಸಿಲಿದ್ದರೆ ಒಂದೇ ಗಂಟೆ. ನಮ್ಮ ಕಡೆ ಬೇಸಿಗೆಯಲ್ಲಿ ಅದು ಬೆಳಿಗ್ಗೆಯೇ ದಾಟಿರುತ್ತದೆ.

ಇದನ್ನೆಲ್ಲ ಓದಿ ತಳ್ಳುಗಾಡಿಯವರ ಮೇಲೆ ಸಿಟ್ಟಾಗುವುದು ಸುಲಭ. ಆದರೆ ಸ್ಟ್ಯಾಂಡಿನಲ್ಲಿ ಕೈ, ಚಾಕು ತೊಳೆಯಲು ಅವರಿಗೆ ನಲ್ಲಿ ಎಲ್ಲಿದೆ? ಒಂದು ದಿನ ವ್ಯಾಪಾರ ನಿಲ್ಲಿಸಿ ಅಂದರೆ ಅವತ್ತಿನ ಸಂತೆ ನಿಂತಂತೆ. ಒಳ್ಳೆಯ ಬ್ಯಾಕ್ಟೀರಿಯಾ ಲ್ಯಾಬಿನಿಂದ ಬಸ್‌ಸ್ಟ್ಯಾಂಡಿಗೆ ಬರಲು ಇನ್ನೂ ಹೊತ್ತಿದೆ. ಅಲ್ಲಿಯವರೆಗೆ ಒಂದು ನಲ್ಲಿ, ಒಂದು ಐಸ್ ಪೆಟ್ಟಿಗೆ, ಗಾಜಿನ ಮುಚ್ಚಳ ಕೊಡಿಸುವುದು ಪಂಚಾಯಿತಿಗೆ ದೊಡ್ಡ ಮಾತಲ್ಲ. ದುಡ್ಡು ಕೊಡುವ ನಾವು "ನನ್ನ ಮುಂದೆ ಹೆಚ್ಚಿ ಕೊಡ್ರಿ ಅಣ್ಣಾ" ಅನ್ನುವುದೂ ದೊಡ್ಡ ಮಾತಲ್ಲ.