ಅಡುಗೆಮನೆ ಕಿಟಕಿಯಿಂದ: ಮಾರ್ದನಿಯ ಡಬ್ಬಿ

ಹೋದ ಸಂಚಿಕೆಯಲ್ಲಿ ಹಾಗಲಕಾಯಿ ಗೊಜ್ಜಿನ ಬಗ್ಗೆ ಬರೆದವಳು ಈ ಸಲ ಎಲೆಕ್ಟ್ರಿಕ್ ಗಿಟಾರಿನ ಡಬ್ಬಿಯೊಂದರ ಬಗ್ಗೆ ಬರೆಯಲು ಕೂತಿದ್ದೇನೆಂದರೆ ನೀವು ನಗುವುದು ಖಂಡಿತ. ನಗಿ, ಪರವಾಗಿಲ್ಲ. ಆದರೆ ಕೊನೆಯವರೆಗೆ ಓದಿ.

ಬೇಗಂಪೇಟೆಯ ಹಳಬರಿಗೆ ನೆನಪಿರಬಹುದು, ತಲೆಯ ಮೇಲೆ ವಿಮಾನ ಹಾರುವಾಗ ನಾವೆಲ್ಲ ಮಾತು ನಿಲ್ಲಿಸಿ, ಅದು ದಾಟಿದ ಮೇಲೆ ಉಳಿದರ್ಧ ವಾಕ್ಯ ಮುಗಿಸುತ್ತಿದ್ದೆವು. 2008ರ ಮಾರ್ಚಿನಲ್ಲಿ ಪ್ರಯಾಣಿಕರ ವಿಮಾನಗಳು ಶಂಷಾಬಾದಿಗೆ ಹೋದವು. ಮಾತಿನ ನಡುವೆ ತಡೆದು ಯೋಚಿಸುವ ಅಭ್ಯಾಸವೂ ಅವುಗಳ ಜೊತೆಗೇ ಹೋಯಿತೋ ಏನೋ! ಇಲ್ಲದಿದ್ದರೆ, ಮಗ ಸಿ.ಎ. ಪರೀಕ್ಷೆಯಲ್ಲಿ ಎರಡನೇ ಸಲ ನಪಾಸಾದ ದಿನ ನಾನು ಆ ಮಾತು ಆಡುತ್ತಿರಲಿಲ್ಲ. "ಆ ಗಿಟಾರು ಮಾರಿಬಿಟ್ಟಿದ್ದರೆ ಪಾಸಾಗುತ್ತಿದ್ದೆ" ಎಂದುಬಿಟ್ಟೆ.

ನಾನು ಆಡಿದ್ದು ಒಂದೇ ಸಲ. ಅದನ್ನೇ ರಾತ್ರಿ ಊಟಕ್ಕೆ ಕೂತಾಗ ನಮ್ಮ ಯಜಮಾನರು ಹೇಳಿದರು. ಫೋನಿನಲ್ಲಿ ಅವನ ಸೋದರಮಾವ ಹೇಳಿದ. ಹಬ್ಬಕ್ಕೆ ಬಂದ ನಾದಿನಿಯೂ ಹೇಳಿದಳು. ಮಗ ಯಾರಿಗೂ ಎದುರಾಡಲಿಲ್ಲ. ಗಿಟಾರನ್ನು ಮಂಚದ ಕೆಳಗೆ ತಳ್ಳಿದ. ಆಮೇಲೆ ನಮ್ಮ ಮನೆಯಲ್ಲಿ ಅವನ ಮಾತೆಂದರೆ "ಹೂಂ", "ಬೇಡ", "ಆಯ್ತು", ಇಷ್ಟೇ.

ಒಂದು ಮಧ್ಯಾಹ್ನ ಮಂಚದ ಕೆಳಗೆ ಗುಡಿಸುವಾಗ ಅಂಗೈಯಗಲದ ಒಂದು ಕಬ್ಬಿಣದ ಡಬ್ಬಿ ಸಿಕ್ಕಿತು. ಮೇಲೆ ಮೂರು ತಿರುಗುವ ಗುಂಡಿಗಳು, ಕೆಳಗೆ ಕಾಲಲ್ಲಿ ಒತ್ತುವ ಜಾಗ. ಕೆಟ್ಟಿದೆಯೋ ಸರಿಯಿದೆಯೋ ನೋಡೋಣವೆಂದು ಹಳೇ ರೇಡಿಯೋದ ಅಡಾಪ್ಟರ್ ತಂದು ಚುಚ್ಚಲು ಹೊರಟೆ. ಮಗ ಓಡಿಬಂದ. "ಅಮ್ಮಾ, ಬೇಡ! ಸುಟ್ಟುಹೋಗುತ್ತೆ!" ಎಷ್ಟೋ ವಾರಗಳ ಮೇಲೆ ಅವನ ಬಾಯಿಂದ ಬಂದ ಮೊದಲ ಪೂರ್ತಿ ವಾಕ್ಯ ಅದು. ನನಗೆ ಬೈಸಿಕೊಂಡೆನೆಂಬ ಬೇಸರಕ್ಕಿಂತ ಸಂತೋಷವೇ ಹೆಚ್ಚಾಯಿತು. "ಯಾಕೆ ಸುಡುತ್ತೆ? ಹೇಳಿಕೊಡು" ಎಂದು ನೆಲದ ಮೇಲೆಯೇ ಕೂತೆ.

ಇಂಥ ಡಬ್ಬಿಗಳಲ್ಲಿ ಹೆಚ್ಚಿನವು 9 ವೋಲ್ಟಿನವು, ಪಿನ್ನಿನ ನಡುವೆ ಋಣ, ಹೊರಗೆ ಧನ. ಮನೆಯ ಬೇರೆ ಅನೇಕ ಅಡಾಪ್ಟರುಗಳಲ್ಲಿ ಇದು ತಿರುಗುಮುರುಗು. ಗಿಟಾರ್ ನುಡಿಸುವ ಮಕ್ಕಳಿರುವ ತಾಯಂದಿರು ದಯವಿಟ್ಟು ಗಮನಿಸಿ, ಪಿನ್ನು ಹಿಡಿಸಿತೆಂದು ಕರೆಂಟು ಕೊಡಬೇಡಿ.

ಡಬ್ಬಿಯ ಹೆಸರು ಡಿಜಿಟಲ್ ಡಿಲೇ ಪೆಡಲ್. ಗಿಟಾರಿಗೂ ಆಂಪ್ಲಿಫಯರಿಗೂ ನಡುವೆ ಇದರ ಜಾಗ. ತಂತಿ ಮೀಟಿದಾಗ ಬಂದ ನಾದವನ್ನು ಇದು ಸೆಕೆಂಡಿಗೆ ಸಾವಿರಾರು ಸಲ ಅಳೆದು ಅಂಕಿಗಳನ್ನಾಗಿ ಮಾಡುತ್ತದೆ, ನೆನಪಿನಲ್ಲಿಟ್ಟುಕೊಂಡು ಸ್ವಲ್ಪ ತಡೆದು ಮತ್ತೆ ನಾದ ಮಾಡಿ ಹೊರಗೆ ಬಿಡುತ್ತದೆ. ಹಿಂದೆ ಈ ಕೆಲಸಕ್ಕೆ ಟೇಪ್ ಸುತ್ತುವ ದೊಡ್ಡ ಪೆಟ್ಟಿಗೆಗಳಿದ್ದವು. ಜಪಾನಿನ ರೋಲ್ಯಾಂಡ್ ಕಂಪನಿಯ ಸ್ಪೇಸ್ ಎಕೋ 1974ರದು. ಅದೇ ಬಳಗದ ಬಾಸ್ ಕಂಪನಿ 1983ರಲ್ಲಿ ಡಿಡಿ-2 ಎಂಬ ಡಿಜಿಟಲ್ ಪೆಡಲ್ ತಂದ ಮೇಲೆ ಅಷ್ಟೂ ಕೆಲಸ ಕಾಲಡಿಯ ಡಬ್ಬಿಗೆ ಬಂತು. ಅದು ನಾದವನ್ನು 800 ಮಿಲಿಸೆಕೆಂಡಿನವರೆಗೆ, ಅಂದರೆ ಮುಕ್ಕಾಲು ಸೆಕೆಂಡಿಗೂ ತುಸು ಹೆಚ್ಚು, ಹಿಡಿದಿಡುತ್ತಿತ್ತು.

ಬಿ.ಎ.ಯಲ್ಲಿ ಇಂಗ್ಲಿಷ್ ಓದಿದವಳಿಗೆ ಎಕೋ ಎಂಬ ಗ್ರೀಕ್ ವನದೇವತೆ ನೆನಪಾದಳು. ಶಾಪಗ್ರಸ್ತಳಾಗಿ ಸ್ವಂತ ಮಾತು ಕಳೆದುಕೊಂಡು, ಇನ್ನೊಬ್ಬರ ಕೊನೆಯ ಮಾತನ್ನಷ್ಟೇ ಹೇಳುತ್ತಿದ್ದವಳು. ಮಗನಿಗೆ ಹೇಳಿದರೆ, "ಅಷ್ಟು ದೂರ ಯಾಕಮ್ಮ, ಗೋಲಗುಮ್ಮಟ ಇಲ್ಲವಾ?" ಎಂದ. ನಿಜವೇ! ಅವನು ಐದನೇ ಕ್ಲಾಸಿನಲ್ಲಿದ್ದಾಗ ವಿಜಾಪುರಕ್ಕೆ ಕರೆದುಕೊಂಡು ಹೋಗಿದ್ದೆವು. ಪಿಸುಮಾತಿನ ಗ್ಯಾಲರಿಯಲ್ಲಿ ನಿಂತು ತನ್ನ ಹೆಸರನ್ನೇ ಕೂಗಿ ಕೂಗಿ ಕೇಳಿಸಿಕೊಂಡಿದ್ದ. ಅದು ಅವನಿಗೆ ನೆನಪಿರುವುದು ನನಗೆ ಗೊತ್ತೇ ಇರಲಿಲ್ಲ.

ಇನ್ನು ಗುಂಡಿಗಳು. ಮೊದಲನೆಯದು ಟೈಮ್, ಎಷ್ಟು ತಡೆದು ಮಾರ್ದನಿ ಬರಬೇಕೆಂಬುದು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಗುಂಡಿಯನ್ನು 400 ಮಿಲಿಸೆಕೆಂಡಿಗೆ ಇಟ್ಟರೆ 68 ಮೀಟರ್ ಆಚೆಯ ಗೋಡೆಗೆ ಬಡಿದು ಬಂದಷ್ಟು ತಡ. ಹಾಡಿನ ಲಯಕ್ಕೆ ಹೊಂದಿಸಲು ಸುಲಭದ ಲೆಕ್ಕವಿದೆ. 60,000ವನ್ನು ನಿಮಿಷಕ್ಕೆ ಬೀಳುವ ತಾಳದ ಪೆಟ್ಟುಗಳಿಂದ ಭಾಗಿಸಿ. 120 ಪೆಟ್ಟಾದರೆ 500 ಮಿಲಿಸೆಕೆಂಡು. ಲಯ ತಪ್ಪಿದರೆ ಮಾರ್ದನಿ ಹಾಡಿನ ಕಾಲಿಗೆ ತೊಡರುತ್ತದೆ.

ಎರಡನೆಯದು ಲೆವೆಲ್, ಅಸಲು ನಾದದ ಎದುರು ಮಾರ್ದನಿ ಎಷ್ಟು ಜೋರಾಗಿ ಕೇಳಬೇಕೆಂಬುದು. ಮೂರನೆಯದು ಫೀಡ್‌ಬ್ಯಾಕ್. ಇದು ನನಗೆ ಬೇಗ ತಿಳಿಯಲಿಲ್ಲ. ಕೊನೆಗೆ ಹೆಪ್ಪಿನ ಲೆಕ್ಕದಲ್ಲಿ ಅರ್ಥ ಮಾಡಿಕೊಂಡೆ. ನಿನ್ನೆಯ ಮೊಸರನ್ನು ಇವತ್ತಿನ ಹಾಲಿಗೆ ಬಿಟ್ಟ ಹಾಗೆ, ಹೊರಬಂದ ಮಾರ್ದನಿಯಲ್ಲಿ ಒಂದು ಪಾಲನ್ನು ಮತ್ತೆ ಒಳಗೆ ಬಿಡುವುದು. ಕಡಿಮೆ ಇಟ್ಟರೆ ಒಂದೆರಡು ಸಲ ಕೇಳಿ ಅಡಗುತ್ತದೆ. ಪೂರ್ತಿ ತಿರುಗಿಸಿದರೆ ಮುಗಿಯುವುದೇ ಇಲ್ಲ.

"ತಿರುಗಿಸಿ ನೋಡು" ಎಂದ. ತಿರುಗಿಸಿದೆ. ಅವನು ಒಂದೇ ತಂತಿ ಮೀಟಿ ಕೈ ತೆಗೆದ. ಅದೇ ಸ್ವರ ಬಂತು, ಮತ್ತೆ ಬಂತು, ಮತ್ತೆ ಬಂತು. ಅದರ ಮೇಲೆ ಇನ್ನೊಂದು ಸ್ವರ ನುಡಿಸಿದ, ಮತ್ತೊಂದು ನುಡಿಸಿದ. ಎಲ್ಲ ಕಲಸಿಹೋಗಿ ಕೋಣೆಯಲ್ಲಿ ಬರೀ ಗದ್ದಲ. ಅವನೇನು ನುಡಿಸುತ್ತಿದ್ದಾನೆಂದೇ ತಿಳಿಯದು.

ಡಬ್ಬಿಯನ್ನು ಕಾಲಲ್ಲಿ ಒತ್ತಿ ನಿಲ್ಲಿಸಿದ. ನನ್ನ ಮುಖ ನೋಡದೆ, "ಮನೇಲಿ ಹೀಗೇ ಕೇಳಿಸ್ತಿತ್ತಮ್ಮ" ಎಂದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ನಾವೆಲ್ಲ ಹೇಳುತ್ತೇವೆ. ಆಡಿದ ಮಾತು ಎಲ್ಲಿ ಹೋಗುತ್ತದೆ ಹೇಳಿ? ನಾನು ಆಡಿ ಮರೆತದ್ದು ಅವನ ಕಿವಿಯಲ್ಲಿ ತಿಂಗಳುಗಟ್ಟಲೆ ಸುತ್ತುತ್ತಿತ್ತು. "ಆ ಮಾತು ನಾನು ಆಡಬಾರದಿತ್ತು ಕಣೋ" ಎಂದೆ. ಅವನು ಉತ್ತರ ಕೊಡಲಿಲ್ಲ. ಫೀಡ್‌ಬ್ಯಾಕ್ ಗುಂಡಿಯನ್ನು ಕೆಳಗಿಳಿಸಿ, ನನಗೆ ಇಷ್ಟವಾದ ಹಳೇ ಚಿತ್ರಗೀತೆಯೊಂದರ ಧಾಟಿಯನ್ನು ತಡವರಿಸುತ್ತಾ ನುಡಿಸಿದ. ಪ್ರತಿ ಸ್ವರದ ಹಿಂದೆ ಒಂದೇ ಒಂದು ನೆರಳು. ಎಷ್ಟು ಚೆನ್ನಾಗಿತ್ತೆಂದು ಏನು ಹೇಳಲಿ!

ಅಂದು ರಾತ್ರಿ ಯಜಮಾನರು ಊಟದಲ್ಲಿ ಹಳೇ ರಾಗ ಶುರುಮಾಡಿದಾಗ, "ಸಾಕು, ಒಂದು ಸಲ ಕೇಳಿದ್ದಾನೆ" ಎಂದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿ ಸಾರು ಬಡಿಸಿಕೊಂಡರು.

ಮಗ ಮತ್ತೆ ಪರೀಕ್ಷೆಗೆ ಕಟ್ಟಿದ್ದಾನೆ. ಪಾಸಾಗುತ್ತಾನೋ ಇಲ್ಲವೋ, ದೇವರೇ ಬಲ್ಲ. ಗಿಟಾರು ಮಂಚದ ಕೆಳಗಿಂದ ಗೋಡೆಯ ಮೊಳೆಗೆ ಬಂದಿದೆ. ನಿಮ್ಮ ಮನೆಯಲ್ಲೂ ಇಂಥ ಮಾತು ಸುತ್ತುತ್ತಿದ್ದರೆ, ಸೋದರಿಯರೇ, ಗುಂಡಿ ಎಲ್ಲಿದೆ ನೋಡಿಕೊಳ್ಳಿ. ಬಹುಮಟ್ಟಿಗೆ ಅದು ನಮ್ಮ ಕೈಯಲ್ಲೇ ಇರುತ್ತದೆ.